ಎರಡು ಕಡೆ ಮುಟ್ಟಿದ ಹಗ್ಗ

ನನ್ನ ತಂಗಿಯ ಮಗಳು ಉಷಾಳಿಗೆ ಕಳೆದ ಜೂನಿನಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತು. ಸಿಕ್ಕಿದ್ದು ನಾನು ಹಿಂದೆ ಕೆಲಸ ಮಾಡಿದ ಶಾಲೆಯಲ್ಲೇ. ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಮೊದಲ ವಾರ ಮುಗಿಸಿ ನಮ್ಮ ಮನೆಗೆ ಬಂದವಳು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದಳು.

“ಮಾವ, ಅಲ್ಲಿ ಗ್ರೌಂಡಿನ ಬದಿಯಲ್ಲಿ ಒಂದು ಕಲ್ಲು ಉಂಟಲ್ಲ, ಅದಕ್ಕೆ ಮಕ್ಕಳೆಲ್ಲ ವಾಸುದೇವ ಮಾಸ್ಟ್ರ ಕಲ್ಲು ಅಂತ ಹೇಳ್ತಾರೆ. ಅದು ನೀವೇ ಅಲ್ವಾ? ನಿಮ್ಮ ಹೆಸರಲ್ಲಿ ಕಲ್ಲು ಹಾಕಿದ್ದಾರೆ, ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ಲ ನೀವು!”

ಅವಳ ಮುಖದಲ್ಲಿ ಹೆಮ್ಮೆ. ಅಡುಗೆಮನೆಯಿಂದ ನನ್ನ ಹೆಂಡತಿಯ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲವೆಂದು ನನಗೆ ಗೊತ್ತು.

ಸರಕಾರದ ಲೆಕ್ಕದಲ್ಲಿ ನಾನು ನಿವೃತ್ತ, ನನ್ನ ಲೆಕ್ಕದಲ್ಲಿ ಇನ್ನೂ ನಡುವಯಸ್ಸು. ಈ ನಡುವಯಸ್ಸಿನಲ್ಲಿ ಆ ದಿನ ಹಿಡಿದ ದೊಡ್ಡ ಚಿಂತೆ ಎಂದರೆ, ಆ ಕಲ್ಲಿನ ಕತೆಯನ್ನು ಮಕ್ಕಳೇ ಉಷಾಳಿಗೆ ಹೇಳಿಬಿಟ್ಟರೆ ಎಂಬುದು. ಅದಕ್ಕೆ ಮೊದಲು ನಾನೇ ಹೇಳುವುದು ಮರ್ಯಾದೆ ಎಂದು ಅಂದೇ ಅವಳಿಗೆ ಹೇಳಿದೆ. ಹೇಗೂ ಹೇಳಿಯಾದ ಮೇಲೆ, ಅವಳ ಹಾಗೆ ಈಗಷ್ಟೇ ಚಾಕ್‌ಪೀಸು ಹಿಡಿದವರಿಗೂ ಇರಲಿ ಎಂದು ಬರೆಯಲು ಕುಳಿತಿದ್ದೇನೆ. ಬಡ್ತಿ, ಸನ್ಮಾನ ಇತ್ಯಾದಿ ಇದರಲ್ಲಿ ಇಲ್ಲ. ಬರೆಯುವಷ್ಟು ಬರಲೂ ಇಲ್ಲ.

ನಾನು ಗಣಿತದ ಮಾಸ್ತರನಾದದ್ದು ಬಂಟ್ವಾಳದಲ್ಲಿ, ಐವತ್ತರ ದಶಕದ ಮೊದಲ ಭಾಗದಲ್ಲಿ. ಅಲ್ಲಿಯವರೆಗೆ ಚಿಕ್ಕ ಕ್ಲಾಸುಗಳಿಗೆ ಮಗ್ಗಿ ಹೇಳಿಕೊಡುತ್ತ ಸುಖವಾಗಿದ್ದೆ. ಗಣಿತದವರು ಇದ್ದಕ್ಕಿದ್ದಂತೆ ವರ್ಗವಾಗಿ ಹೋದರು. ಹೆಡ್‌ಮಾಸ್ಟರು ಆಫೀಸಿನಿಂದ ಹೊರಗೆ ಬಂದಾಗ ಬಾಗಿಲ ಹತ್ತಿರ ನಿಂತಿದ್ದವನು ನಾನು. ನನ್ನ ನೇಮಕದ ಹಿಂದೆ ಇದ್ದ ಅರ್ಹತೆ ಅಷ್ಟೇ. ಬೇರೆ ಬಾಗಿಲಲ್ಲಿ ನಿಂತಿದ್ದರೆ ಚರಿತ್ರೆ ಕಲಿಸಿ ನೆಮ್ಮದಿಯಿಂದ ನಿವೃತ್ತನಾಗುತ್ತಿದ್ದೆ.

ಅಂಕಗಣಿತ ಹೇಗೋ ಆಗುತ್ತಿತ್ತು. ಭಯ ಇದ್ದದ್ದು ರೇಖಾಗಣಿತದ್ದು. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಖಾಗಣಿತಕ್ಕೆ ಬಂದರೆ ಪೂರ್ತಿ ಸಂಸ್ಕೃತ. ಸರ್ವಸಮ ಎಂಬ ಶಬ್ದ ಕೇಳಿದರೆ ಪೂಜೆ ಶುರುವಾಯಿತೆಂದು ಕೈ ಮುಗಿಯುವುದೊಂದು ಬಾಕಿ. ಎರಡು ತ್ರಿಕೋನಗಳನ್ನು ಒಂದರ ಮೇಲೊಂದು ಇಟ್ಟರೆ ಎಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂರಬೇಕು, ಅಷ್ಟೇ ಅದರ ಅರ್ಥ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗೂ ಆಗ ಅದು ಹಾಗೆ ಹೊಳೆದಿರಲಿಲ್ಲ. ನಾನು ಪ್ರಮೇಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಮಕ್ಕಳ ಬಾಯಿಗೆ ಸುರಿದು ಬರುತ್ತಿದ್ದೆ. ಮಳೆಗಾಲದಲ್ಲಿ ನೇತ್ರಾವತಿ ಪೇಟೆಯೊಳಗೆ ಬಂದರೆ ಶಾಲೆಗೆ ರಜೆ. ಊರವರು ಅಕ್ಕಿ, ಬೆಲ್ಲ ಅಟ್ಟಕ್ಕೆ ಏರಿಸುವಾಗ ನಾನು ಮುಂದಿನ ಪ್ರಮೇಯ ಉರು ಹೊಡೆಯುತ್ತಿದ್ದೆ. ಬಂಟ್ವಾಳದಲ್ಲಿ ನೆರೆಯ ದಾರಿ ಕಾದವನು ನಾನೊಬ್ಬನೇ ಇರಬೇಕು.

ಬೋರ್ಡಿನಲ್ಲಿ ನಾನು ಬರೆಯುತ್ತಿದ್ದದ್ದು ಒಂದೇ ತ್ರಿಕೋನ. ಕೆಳಗೆ ಮಟ್ಟಸವಾದ ಗೆರೆ, ಮೇಲೆ ತುದಿ, ಮೂಲೆಗಳಿಗೆ ಅ, ಬ, ಕ. ವರ್ಷವಿಡೀ ಅದೇ.

ಆ ವರ್ಷ ಇನ್‌ಸ್ಪೆಕ್ಟರ್ ಪ್ರಭುಗಳು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಕೊಡೆಯನ್ನು ಎಲ್ಲಿಯೂ ಬಿಡುವವರಲ್ಲ. ನಾನು ಕ್ಲಾಸಿನ ಅತ್ಯಂತ ಚುರುಕು ಹುಡುಗನನ್ನು ಎಬ್ಬಿಸಿದೆ. ಅವನು ಎರಡು ಬಾಹು, ನಡುವಿನ ಕೋನ ಎಂದು ಶುರು ಮಾಡಿ ಒಂದೇ ಉಸಿರಿನಲ್ಲಿ ಸಾಧನೆ ಮುಗಿಸಿದ. ನಾನು ಗೋಡೆಗೆ ಒರಗಿ ಬೆವರು ಒರೆಸಿಕೊಂಡೆ. ಪ್ರಭುಗಳು ಎದ್ದು ಹೋಗಿ ಬೋರ್ಡು ಒರೆಸಿ, ತಲೆಕೆಳಗಾದ ತ್ರಿಕೋನ ಒಂದನ್ನು ಬರೆದು ಮೂಲೆಗಳಿಗೆ ಮ, ನ, ಪ ಎಂದು ಹೆಸರಿಟ್ಟರು.

“ಈಗ ಹೇಳು ನೋಡುವ.”

ಹುಡುಗ ತುಂಬ ಹೊತ್ತು ನೋಡಿದ. ಆಮೇಲೆ ಗೌರವದಿಂದಲೇ ಹೇಳಿದ: “ಇದು ನಮ್ಮದಲ್ಲ ಸಾರ್. ನಮ್ಮ ತ್ರಿಕೋನ ಅಬಕ. ಇದು ಬೇರೆ ಶಾಲೆಯದ್ದು.”

ಪ್ರಭುಗಳು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಮರೆತುಹೋಗುತ್ತಿತ್ತು. “ಮೂಡುಬಿದಿರೆಯಲ್ಲಿ ಸೇಸಪ್ಪ ಮಾಸ್ಟ್ರು ಅಂತ ಒಬ್ಬರಿದ್ದಾರೆ,” ಎಂದರು. “ಅವರು ತ್ರಿಕೋನ ಬರೆಯುವುದಿಲ್ಲ, ಕತ್ತರಿಸ್ತಾರೆ. ಅವರ ಹತ್ತಿರ ಸ್ವಲ್ಪ ಸಮಯ ಇದ್ದು ಕಲಿತುಕೊಳ್ಳಿ.” ಮುಂದಿನ ಜೂನಿಗೆ ವರ್ಗದ ಆರ್ಡರು ಬಂತು.

ಸೇಸಪ್ಪ ಮಾಸ್ಟ್ರು ದೊಡ್ಡ ಹೊಟ್ಟೆಯ, ದೊಡ್ಡ ನಗುವಿನ ಮನುಷ್ಯ. ಅವರ ಕ್ಲಾಸಿನಲ್ಲಿ ಚಾಕ್‌ಪೀಸಿಗಿಂತ ಕತ್ತರಿ ಹೆಚ್ಚು ಓಡುತ್ತಿತ್ತು. ರಟ್ಟಿಗೆ ದುಡ್ಡಿಲ್ಲದ್ದರಿಂದ ಅಡಿಕೆ ಹಾಳೆ. ಮಕ್ಕಳು ಬೆಳಿಗ್ಗೆ ಬರುವಾಗ ತೋಟದಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಬರುತ್ತಿದ್ದರು. ಎರಡು ಬಾಹು ಇಷ್ಟಿಷ್ಟು, ನಡುವಿನ ಕೋನ ಇಷ್ಟು ಎಂದು ಬೋರ್ಡಿನಲ್ಲಿ ಬರೆದುಬಿಟ್ಟರೆ ಒಬ್ಬೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಕತ್ತರಿಸುವುದು. ಆಮೇಲೆ ಎಲ್ಲವನ್ನೂ ಅಟ್ಟಿ ಕಟ್ಟಿ ನೋಡಿದರೆ ಇಸ್ಪೀಟಿನ ಕಟ್ಟಿನ ಹಾಗೆ ಒಂದರ ಮೇಲೊಂದು ಸರಿಯಾಗಿ ಕೂತಿರುತ್ತಿತ್ತು. ಪರಸ್ಪರ ನೋಡದೆ ಕತ್ತರಿಸಿದರೂ ಒಂದೇ ತ್ರಿಕೋನ ಬರುತ್ತದಲ್ಲ, ಅದು ಕಂಡ ದಿನ ಮಕ್ಕಳಿಗಿಂತ ನನಗೆ ಹೆಚ್ಚು ಆಶ್ಚರ್ಯವಾಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ.

ಪ್ರಭುಗಳು ನನ್ನ ಪ್ರಗತಿ ನೋಡಲು ಬರುತ್ತಾರೆಂದು ಸುದ್ದಿ ಬಂದಾಗ, ಚಿಂತೆಯ ಮನುಷ್ಯನಾದ ನಾನು ಹಿಂದಿನ ದಿನವೇ ಎರಡು ತ್ರಿಕೋನ ಕತ್ತರಿಸಿಟ್ಟೆ. ಎಷ್ಟು ಚಂದ ಹೊಂದಿತೆಂದರೆ ಬೇರ್ಪಡಿಸಲಿಕ್ಕೇ ಮನಸ್ಸಾಗಲಿಲ್ಲ. ಆದರೂ ಬೇರ್ಪಡಿಸಿ ಒಂದನ್ನು ಕಿಟಕಿಯಲ್ಲಿಟ್ಟೆ, ಇನ್ನೊಂದನ್ನು ನೀರಿನ ಮಡಕೆಯ ಹಿಂದೆ ಅಡಗಿಸಿದೆ. ಮಕ್ಕಳು ಎಳೆದಾಡಬಾರದಲ್ಲ. ಮರುದಿನ ಪ್ರಭುಗಳ ಎದುರು ಎರಡನ್ನೂ ತೆಗೆದು, “ಈಗ ಇವು ಸರ್ವಸಮ” ಎಂದು ಒಂದರ ಮೇಲೊಂದು ಇಡಲು ಹೋದೆ. ಮಡಕೆಯ ಹಿಂದಿನದ್ದು ಹಾಗೆಯೇ ಇತ್ತು. ಕಿಟಕಿಯದ್ದು ಬಿಸಿಲಿಗೆ ಒಣಗಿ, ಮುದುಡಿ, ಗದ್ದೆಯಲ್ಲಿ ತಲೆಗೆ ಇಡುವ ಹಾಳೆಯ ಟೊಪ್ಪಿಯ ಹಾಗೆ ಎದ್ದು ನಿಂತಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: “ಸಾರ್, ಒಂದು ತ್ರಿಕೋನ, ಇನ್ನೊಂದು ಮುಟ್ಟಾಳೆ.”

ಇಡೀ ಕ್ಲಾಸು ನಕ್ಕಿತು. ಪ್ರಭುಗಳ ಕೊಡೆ ಕೂಡ ಸ್ವಲ್ಪ ಅಲುಗಾಡಿದಂತೆ ಕಂಡಿತು. ಹೋಗುವಾಗ ಅವರು ಹೇಳಿದ್ದು ಇಷ್ಟೇ: “ವಾಸುದೇವ ರಾಯರೇ, ನಿಮ್ಮ ಆತಂಕ ನಿಮಗಿಂತ ಒಂದು ದಿನ ಮೊದಲು ಶಾಲೆಗೆ ಬರ್ತದೆ.”

ಸೇಸಪ್ಪ ಮಾಸ್ಟ್ರು ಸಂಜೆ ನನ್ನ ಬೆನ್ನು ತಟ್ಟಿದರು. “ಹಾಳೆ ಕತ್ತರಿಸಿದ ದಿನವೇ ಪಾಠ ಮುಗಿಸ್ಬೇಕು ಮಾರಾಯ್ರೆ. ಅದು ಮರದ್ದು, ನಿಮ್ಮ ಪ್ರಮೇಯದ್ದಲ್ಲ.”

ಹೊಸಬರಿಗೆ ನಾನು ಕೊಡಬಹುದಾದ ಉಪದೇಶಗಳಲ್ಲಿ ನಿಜಕ್ಕೂ ಪ್ರಯೋಜನವಿರುವುದು ಇದೊಂದೇ. ಹಾಳೆಯಲ್ಲಿ ಕಲಿಸುವುದಾದರೆ ಅಂದಂದೇ ಕಲಿಸಿ.

ಕೆಲವು ವರ್ಷ ಕಳೆದು ಸೇಸಪ್ಪ ಮಾಸ್ಟ್ರಿಗೆ ಬೆಳ್ತಂಗಡಿ ಕಡೆಯ ಒಂದು ಶಾಲೆಗೆ ಹೆಡ್‌ಮಾಸ್ಟರಾಗಿ ವರ್ಗವಾಯಿತು. ಅವರು ನನ್ನನ್ನೂ ಕರೆಸಿಕೊಂಡರು. ನನ್ನ ಮೇಲಿನ ಪ್ರೀತಿಯೋ, ಮೂಡುಬಿದಿರೆಯ ಮಕ್ಕಳ ಮೇಲಿನ ಕರುಣೆಯೋ ಹೇಳಲಾರೆ. ಅದೇ ಈಗ ಉಷಾ ಇರುವ ಶಾಲೆ. ಆಗ ಎಂಟನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಬೇಕಾದವರು ಪುಂಜಾಲಕಟ್ಟೆಗೆ ನಡೆದು ಬಸ್ಸು ಹಿಡಿದು ಬಂಟ್ವಾಳಕ್ಕೋ ಬೆಳ್ತಂಗಡಿಗೋ ಹೋಗಬೇಕು. ಗಂಡುಮಕ್ಕಳಲ್ಲಿ ಕೆಲವರು ಹೋಗುತ್ತಿದ್ದರು. ಹೆಣ್ಣುಮಕ್ಕಳದ್ದು ಎಂಟಕ್ಕೆ ಮುಗಿಯಿತು.

ಆ ವರ್ಷದ ಎಂಟನೇ ಕ್ಲಾಸಿನಲ್ಲಿ ಗಿರಿಜ ಎಂಬ ಹುಡುಗಿ ಇದ್ದಳು. ಗಣಿತದಲ್ಲಿ ಜಾಣೆ ಎಂದೇನೂ ಅಲ್ಲ. ಆದರೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಎದ್ದು ನಿಂತು ಹೇಳುವವಳು. ಮಾಸ್ತರರಿಗೆ ಇದು ಜಾಣತನಕ್ಕಿಂತ ದೊಡ್ಡ ತೊಂದರೆ. ಅವಳ ತಂದೆಯನ್ನು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಮುಂದೆ ಓದಿಸಿ ಎಂದೆ.

“ಇಲ್ಲಿ ಹೈಸ್ಕೂಲು ಆದ್ರೆ ಖಂಡಿತ ಓದಿಸ್ತೇನೆ ಮಾಸ್ಟ್ರೇ,” ಎಂದರು. “ಅಷ್ಟು ದೂರ ಒಬ್ಬಳನ್ನೇ ಬಸ್ಸಲ್ಲಿ ಕಳಿಸ್ಲಿಕ್ಕೆ ಅವಳ ಅಮ್ಮ ಒಪ್ಪುವುದಿಲ್ಲ. ಇಲ್ಲದಿದ್ರೆ ಮನೆಯಲ್ಲಿ ಬೀಡಿ ಕಟ್ತಾಳೆ. ಎಂತ ಮಾಡುವುದು?”

ಹೈಸ್ಕೂಲು ಮಾಡಬೇಕೆಂದು ಊರವರು ಅರ್ಜಿ ಹಾಕಿದ್ದರು. ಕಟ್ಟಡ ಹೇಗೋ ಆಗುತ್ತಿತ್ತು. ತಡೆ ಇದ್ದದ್ದು ಮೈದಾನದ್ದು. ಮಕ್ಕಳಿಗೆ ಆಡಲು ಇಲಾಖೆ ಹೇಳಿದಷ್ಟು ಜಾಗ ಇಲ್ಲದಿದ್ದರೆ ಮಂಜೂರಾತಿ ಇಲ್ಲ. ನೋಡಿ ವರದಿ ಕೊಡಲು ಬರುವವರು ಪ್ರಭುಗಳೇ ಎಂದು ತಿಳಿದಾಗ ನಾನು ಹಳೆಯ ಪ್ರಮೇಯಗಳನ್ನು ಮೊದಲಿನಿಂದ ಉರು ಹೊಡೆಯಲು ಕುಳಿತೆ.

ಶಾಲೆಯ ಪಕ್ಕದ ಜಾಗವೆಲ್ಲ ಜೈನರ ಒಂದು ಹಳೆಯ ಗುತ್ತಿನ ಮನೆಯದ್ದು, ಎಂದರೆ ಊರಿನ ಯಜಮಾನಿಕೆಯ ಮನೆತನದ್ದು. ಮನೆಯ ಹಿರಿಯರು ಪದ್ಮಾವತಿ ಅಮ್ಮ. ವ್ಯವಹಾರ ನೋಡುತ್ತಿದ್ದವರು ಅವರ ತಮ್ಮ ನೇಮಿರಾಜ ಅರಿಗರು. ಸೇಸಪ್ಪ ಮಾಸ್ಟ್ರು ನನ್ನನ್ನೂ ಕರೆದುಕೊಂಡು ಕೇಳಲು ಹೋದರು. ಅಮ್ಮ ಚಾವಡಿಯ ಕಂಬಕ್ಕೆ ಒರಗಿ ಕುಳಿತು ಎಲ್ಲ ಕೇಳಿಸಿಕೊಂಡರು.

“ಕೊಡುವ,” ಎಂದರು. ಅಷ್ಟು ಬೇಗ ಹೇಳುತ್ತಾರೆಂದು ನಾವು ಎಣಿಸಿರಲಿಲ್ಲ. ಅರಿಗರೂ ಎಣಿಸಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು.

“ಎಷ್ಟು ಅಂತ ಹೇಳಿದ್ರೆ ಅಮ್ಮ, ನಾವು ನಕ್ಷೆ...” ಎಂದು ನಾನು ಬಾಯಿ ಹಾಕಿದೆ.

“ಎಷ್ಟು ಅಂತ ಹೇಳ್ಲಿಕ್ಕಿಲ್ಲ ಮಾಸ್ಟ್ರೇ. ಮಾರುವ ಜಾಗಕ್ಕೆ ಅಳತೆಕೋಲು ಹಿಡೀತಾರೆ. ದಾನಕ್ಕೆ ಈ ಮನೆಯಲ್ಲಿ ಹಗ್ಗ ಮಾತ್ರ.”

ಅದು ಆ ಮನೆಯ ಪದ್ಧತಿಯಂತೆ. ಬಸದಿಗೆ ಕೊಟ್ಟ ಗದ್ದೆಯನ್ನೂ ಹಾಗೆಯೇ ಕೊಟ್ಟದ್ದಂತೆ. ಚಾವಡಿಯ ಮೂಲೆಯಲ್ಲಿ ಮರ ಎಳೆಯುವ ದಪ್ಪ ಹಗ್ಗಗಳನ್ನು ಒಂದಕ್ಕೊಂದು ಗಂಟುಹಾಕಿ ಸುತ್ತಿಟ್ಟಿದ್ದರು. ಅಮ್ಮ ಅದನ್ನು ತೋರಿಸಿ ಹೇಳಿದರು:

“ನಿಮ್ಮ ಶಾಲೆಯ ಮೂಲೆಯಲ್ಲಿ ಗಡಿಕಲ್ಲು ಉಂಟಲ್ಲ, ಅಲ್ಲಿಂದ ಮಾರ್ಗದ ಬದಿಯಲ್ಲಿ ಧೂಪದ ಮರದವರೆಗೆ ಹೋಗಿ. ಅದೇ ಗಡಿಕಲ್ಲಿನಿಂದ ಇನ್ನೊಂದು ಕಡೆಗೆ ನಮ್ಮ ಅಗಳು ಹೋಗ್ತದೆ. ಹಗ್ಗದ ಒಂದು ತಲೆ ಮರಕ್ಕೆ ಕಟ್ಟಿ, ಇನ್ನೊಂದು ತಲೆ ಬಿಗಿಯಾಗಿ ಎಳೆದು ಅಗಳಿಗೆ ಮುಟ್ಟಿಸಿ ಗೂಟ ಹೊಡೀರಿ. ಹಗ್ಗದಿಂದ ಈಚೆಗೆ ಇದ್ದದ್ದು ಶಾಲೆಗೆ.”

ಅಗಳು ಎಂದರೆ ಗಡಿಗಾಗಿ ತೋಡಿದ ಉದ್ದನೆಯ ಕಂದಕ. ಮಾರ್ಗ ಒಂದು ಬದಿ, ಅಗಳು ಒಂದು ಬದಿ, ಹಗ್ಗ ಮೂರನೆಯ ಬದಿ. ಹೊರಗೆ ಬರುವಾಗ ಸೇಸಪ್ಪ ಮಾಸ್ಟ್ರು ಸಂತೋಷದಿಂದ ನನ್ನ ಭುಜ ಹಿಡಿದು, “ತ್ರಿಕೋನವೇ ಸಿಕ್ಕಿತಲ್ಲ ಮಾರಾಯ್ರೆ! ಇದು ನಿಮ್ಮ ಇಲಾಖೆ. ಗೂಟ ಹೊಡೆಯುವ ಕೆಲಸ ನಿಮ್ಮದು” ಎಂದರು.

ಮರುದಿನ ಎಂಟನೇ ಕ್ಲಾಸಿನ ಮಕ್ಕಳನ್ನು ಕಟ್ಟಿಕೊಂಡು ಹೋದೆ. ಅರಿಗರೂ ಬಂದು ನಿಂತಿದ್ದರು. ಹಗ್ಗವನ್ನು ಮರಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ನಾನು ಗಡಿಕಲ್ಲಿನ ಕಡೆಗೆ ಎಳೆದೆ. ಅಲ್ಲಿಗೆ ಹಗ್ಗ ಸಾಲಲಿಲ್ಲ. ಅಗಳಿನ ಬದಿಯಲ್ಲೇ ಮುಂದೆ ಮುಂದೆ ಹೋದೆ. ಹೋದ ಹಾಗೆ ಮರ ಹತ್ತಿರವಾಗುತ್ತ ಬಂತು. ಒಂದು ಕಡೆ ಹಗ್ಗ ಬಿಗಿಯಾಗಿ ನಿಂತು, ತುದಿ ಸರಿಯಾಗಿ ಅಗಳಿಗೆ ಮುಟ್ಟಿತು. “ಮುಟ್ಟಿತು, ಮುಟ್ಟಿತು!” ಎಂದು ಮಕ್ಕಳು ಕೂಗಿದರು. ಬಿಸಿಲು, ಮುಳ್ಳು, ಅರಿಗರ ದೃಷ್ಟಿ. ನಾನು ಅಲ್ಲಿಯೇ ಗೂಟ ಹೊಡೆದೆ. ಅರಿಗರು ಬಂದು ಗೂಟ ಅಲುಗಾಡಿಸಿ ನೋಡಿ, “ಗಟ್ಟಿ ಉಂಟು. ಗಣಿತದವರ ಕೆಲಸ ಅಂದ್ರೆ ಹಾಗೆ” ಎಂದರು. ನನಗೆ ಅಂಥ ಹೊಗಳಿಕೆ ಅಭ್ಯಾಸವಿಲ್ಲ. ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ನಕ್ಷೆ ಬರೆದು ವಿಸ್ತೀರ್ಣ ಲೆಕ್ಕ ಹಾಕಿದಾಗ ಹೊಗಳಿಕೆ ಇಳಿಯಿತು. ಜಾಗ ಇಲಾಖೆಯವರು ಹೇಳಿದ್ದರ ಅರ್ಧದಷ್ಟೂ ಬರಲಿಲ್ಲ. ಮೈದಾನವೆಂದರೆ ಹಲಸಿನ ಹಣ್ಣಿನ ತೆಳ್ಳಗಿನ ಒಂದು ಕಡಿ. ಲೆಕ್ಕ ತಪ್ಪಿರಬೇಕೆಂದು ಮತ್ತೆ ಮಾಡಿದೆ. ನನ್ನ ಜೀವನದಲ್ಲಿ ನನ್ನ ಲೆಕ್ಕ ತಪ್ಪಿರಲಿ ಎಂದು ಅಷ್ಟು ಆಸೆಪಟ್ಟದ್ದು ಅದೊಂದೇ ಸಲ; ಅದೊಂದೇ ಸಲ ಅದು ಸರಿ ಇತ್ತು.

ಸೇಸಪ್ಪ ಮಾಸ್ಟ್ರ ನಗು ಮೊದಲ ಬಾರಿಗೆ ಮಾಯವಾಯಿತು. “ಕೊಟ್ಟವರ ಹತ್ತಿರ ಇನ್ನೂ ಕೊಡಿ ಅಂತ ಕೇಳುವುದು ಹೇಗೆ?” ಎಂದರು. ಪ್ರಭುಗಳು ಬರಲು ಕೆಲವೇ ದಿನ. ಗಿರಿಜಳ ತಂದೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ಜಾಗ ಆಯಿತಂತೆ, ಒಳ್ಳೇದಾಯ್ತು” ಎಂದಾಗ ನಾನು ಬಸ್ಸು ಬಂತೆಂದು ಸುಳ್ಳು ಹೇಳಿ ಓಡಿದೆ.

ಆಗ ಎಂಟನೇ ಕ್ಲಾಸಿಗೆ ಪುನರಾವರ್ತನೆ ನಡೆಯುತ್ತಿತ್ತು. ಮನಸ್ಸಿಲ್ಲದ ಮನಸ್ಸಿನಲ್ಲಿ ನಾನು ಸರ್ವಸಮದ ಪಾಠ ತೆಗೆದೆ. ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಕೊಟ್ಟರೆ ತ್ರಿಕೋನ ಒಂದೇ ಬರುತ್ತದೆ. ಕೋನ ಆ ಎರಡು ಬಾಹುಗಳ ನಡುವೆ ಇಲ್ಲದಿದ್ದರೆ ಹಾಗೆ ಹೇಳಲು ಬರುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಹೇಳಿಕೊಂಡು ಬಂದವನು. ತೋರಿಸುವ ವಿಧಾನವೂ ಒಂದೇ: ಒಂದು ಕೋನ ಬರೆದು, ಒಂದು ಗೆರೆಯ ತುದಿಗೆ ಮೊಳೆ ಹೊಡೆದು, ಮೊಳೆಗೆ ನೂಲು, ನೂಲಿನ ತುದಿಗೆ ಚಾಕ್‌ಪೀಸು. ನೂಲು ಬಿಗಿ ಹಿಡಿದು ತಿರುಗಿಸಿದರೆ ಚಾಕ್‌ಪೀಸು ಎದುರಿನ ಗೆರೆಯನ್ನು ಒಂದು ಕಡೆ ಮುಟ್ಟುತ್ತದೆ, ದಾಟಿ ಆಚೆ ಹೋಗುತ್ತದೆ, ತಿರುಗಿ ಬಂದು ಇನ್ನೊಂದು ಕಡೆ ಮುಟ್ಟುತ್ತದೆ.

ಗಿರಿಜ ಎದ್ದು ನಿಂತಳು. “ಸಾರ್, ಎರಡು ತ್ರಿಕೋನ ಬಂತಲ್ಲ. ಇದರಲ್ಲಿ ಸರಿ ಯಾವುದು?”

ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆ. ನಾನು ಪ್ರತಿ ವರ್ಷದ ಉತ್ತರವನ್ನೇ ಕೊಟ್ಟೆ: “ಎರಡೂ ಸರಿ. ಕೊಟ್ಟ ಮಾತಿಗೆ ಎರಡೂ ಹೊಂದುತ್ತವೆ. ಚಿಕ್ಕದೂ ಸರಿ, ದೊಡ್ಡದೂ...”

ಅಲ್ಲಿಗೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಎದುರು ಬೋರ್ಡಿನಲ್ಲಿ ಗಡಿಕಲ್ಲು, ಧೂಪದ ಮರ, ಅಗಳು. ನೂಲಿನ ತುದಿಯಲ್ಲಿ ಚಾಕ್‌ಪೀಸು ಹಿಡಿದು ನಿಂತವನು ನಾನು. ಮೊನ್ನೆ ಹಗ್ಗದ ತುದಿ ಹಿಡಿದು ನಿಂತವನೂ ನಾನೇ. ಮಾಸ್ಟ್ರಿಗೆ ವಾತ ಬಡಿಯಿತೆಂದು ಮುಂದಿನ ಬೆಂಚಿನವರು ನೀರು ತರಲು ಎದ್ದರು. ನಾನು ಚಾಕ್‌ಪೀಸು ಸಮೇತ ಹೊರಗೆ ಓಡಿದೆ. ನನ್ನ ಹಿಂದೆ ಇಡೀ ಕ್ಲಾಸು.

ಹಗ್ಗ ಇನ್ನೂ ಮರದಲ್ಲೇ ಇತ್ತು. ನನ್ನ ಗೂಟದಿಂದ ಅಗಳಿನ ಬದಿಯಲ್ಲೇ ಮುಂದೆ ನಡೆದರೆ ಹಗ್ಗ ಸಡಿಲಾಯಿತು, ನೆಲಕ್ಕೆ ಬಿತ್ತು, ಮತ್ತೆ ಎದ್ದಿತು, ತುಂಬ ಆಚೆ ಹೋದ ಮೇಲೆ ಪುನಃ ಬಿಗಿಯಾಯಿತು. ತುದಿ ಪುನಃ ಅಗಳಿಗೆ ಮುಟ್ಟಿತು. ಈ ಸಲ ಯಾರೂ ಕೂಗಲಿಲ್ಲ. ಎರಡು ಮುಟ್ಟುಗಳ ನಡುವೆ ವಿಶಾಲವಾದ ಜಾಗ. ಅದರಲ್ಲಿ ಅರಿಗರು ಹೊಸದಾಗಿ ನೆಟ್ಟ ಗೇರುಗಿಡಗಳು. ಮೈದಾನಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಮೊದಲು ಮುಟ್ಟಿದ ಕಡೆ ಗೂಟ ಹೊಡೆದು ಮನೆಗೆ ಓಡಿದ ಗಣಿತದ ಮಾಸ್ತರ ಮಾತ್ರ ಬೇಡವಾಗಿತ್ತು.

ಸೇಸಪ್ಪ ಮಾಸ್ಟ್ರಿಗೆ ಹೇಳಿದೆ. ಅವರು ನಕ್ಕು ನಕ್ಕು ಕುರ್ಚಿಯಿಂದ ಜಾರುವಂತಾದರು. ಆಮೇಲೆ ದನಿ ತಗ್ಗಿಸಿ, “ಗೂಟ ತೆಗೆದು ಅಲ್ಲಿ ಹೊಡೆದುಬಿಡುವ. ಅಮ್ಮ ಹೇಳಿದ ಮಾತಿಗೆ ಅದೂ ಸರಿಯೇ ಅಲ್ವಾ?” ಎಂದರು.

“ಅರಿಗರು ನೋಡಿದ್ದಾರೆ. ಅಲುಗಾಡಿಸಿಯೂ ನೋಡಿದ್ದಾರೆ.”

“ಹಾಗಾದ್ರೆ ಹೋಗಿ ಹೇಳಿ.”

ನನ್ನ ಗುಣ ನನಗೆ ಗೊತ್ತು. ಗೂಟ ಕದ್ದು ಸರಿಸುವ ಧೈರ್ಯವೂ ಇಲ್ಲ, ಹೋಗಿ ಹೇಳುವ ಧೈರ್ಯವೂ ಇಲ್ಲ. ಎರಡು ಭಯಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಸರ್ವಸಮವಾಗಿರಲಿಲ್ಲ, ಸಿಕ್ಕಿಬೀಳುವ ಭಯ ಒಂದು ಎಳೆ ದೊಡ್ಡದಿತ್ತು. ಹಾಗಾಗಿ ಹೋಗಿ ಹೇ‍ಳಲು ಹೊರಟೆ. ಇದನ್ನು ಪ್ರಾಮಾಣಿಕತೆ ಎಂದು ಯಾರೂ ತಿಳಿಯಬಾರದು.

ಅವರದ್ದು ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆ. ಸೇಸಪ್ಪ ಮಾಸ್ಟ್ರೂ ನಾನೂ ಹೋದಾಗ ಅಕ್ಕ ತಮ್ಮ ಊಟ ಮಾಡಿ ಚಾವಡಿಗೆ ಬಂದಿದ್ದರು. ನಾನು ಹೇಳಲು ಶುರು ಮಾಡಿದೆ. ಮಾತಿನಲ್ಲಿ ಆಗದೆ ಚಾವಡಿಯಲ್ಲಿ ಬಿದ್ದಿದ್ದ ಬಾಳೆಯ ನಾರಿನ ಒಂದು ತುದಿ ಒತ್ತಿ ಹಿಡಿದು, ಇನ್ನೊಂದನ್ನು ನೆಲದ ಮೇಲೆ ತಿರುಗಿಸಿ ತೋರಿಸಿದೆ. ಅರಿಗರು ನಡುವೆಯೇ ತಡೆದರು.

“ಮಾಸ್ಟ್ರೇ, ಗೂಟ ಹೊಡೆದದ್ದು ಯಾರು?”

“ನಾನೇ.”

“ನಿಮಗೆ ಗಣಿತ ಗೊತ್ತುಂಟಾ?”

ಈ ಪ್ರಶ್ನೆಗೆ ನಾನು ಜೀವಮಾನದಲ್ಲಿ ಒಮ್ಮೆಯೂ ಧೈರ್ಯವಾಗಿ ಉತ್ತರಿಸಿಲ್ಲ. “ಕಲಿಸ್ತೇನೆ” ಎಂದೆ.

“ಕಲಿಸುವವರೇ ಹೊಡೆದ ಗೂಟ. ನಾನು ಹೊಡೆದದ್ದಲ್ಲ, ಅಕ್ಕ ಹೊಡೆದದ್ದಲ್ಲ. ಈಗ ಜಾಗ ಕಡಿಮೆ ಬಿತ್ತು ಅಂತ ಗೊತ್ತಾದ ಮೇಲೆ ಹಗ್ಗ ಇನ್ನೊಂದು ಕಡೆಗೂ ಮುಟ್ಟಿತಾ? ನಾಳೆ ಮೂರನೇ ಕಡೆ ಮುಟ್ಟಿದ್ರೆ ನಾವು ಮನೆ ಬಿಟ್ಟು ಎಲ್ಲಿಗೆ ಹೋಗುವುದು?”

“ಮೂರನೇ ಕಡೆ ಮುಟ್ಟುವುದಿಲ್ಲ,” ಎಂದೆ. “ಅದನ್ನು ಸಾಧಿಸಿ ತೋರಿಸಬಹುದು.”

“ಸಾಧಿಸುವುದು ಬೇಡ ಮಾರಾಯ್ರೆ!”

ಬಾಳೆಯ ನಾರನ್ನೇ ನೋಡುತ್ತಿದ್ದ ಅಮ್ಮ ಕೇಳಿದರು: “ಈ ಪಾಠವನ್ನು ಮಕ್ಕಳಿಗೆ ಮಾಡಿದ್ರಲ್ಲ ಮಾಸ್ಟ್ರೇ, ಯಾವುದು ಸರಿ ಅಂತ ಹೇಳಿದ್ರಿ?”

“ಎರಡೂ ಸರಿ ಅಂತ ಹೇಳಿದೆ ಅಮ್ಮ. ಕೊಟ್ಟ ಮಾತಿಗೆ ಎರಡೂ ಹೊಂದುತ್ತವೆ ಅಂತ.”

“ಅಕ್ಕ, ನಿನ್ನ ಮನಸ್ಸಲ್ಲಿ ಇದ್ದದ್ದು ಯಾವುದು? ಅದನ್ನು ಹೇಳು, ಮುಗೀತು,” ಎಂದರು ಅರಿಗರು.

“ಕೊಡುವಾಗ ಮನಸ್ಸಲ್ಲಿ ಅಳತೆ ಇಟ್ಟುಕೊಂಡ್ರೆ ಬಾಯಲ್ಲಿ ಹೇಳಿದ ಹಾಗೆಯೇ ಆಯಿತಲ್ಲ ನೇಮಿ. ನಾನು ಇಟ್ಟುಕೊಳ್ಳಲಿಲ್ಲ.” ಅವರು ನನ್ನ ಕಡೆ ತಿರುಗಿದರು. “ನಾನು ಕೊಟ್ಟ ಮಾತಿಗೆ ಎರಡು ಜಾಗ ಹೊಂದುವುದಾದ್ರೆ ಎರಡನ್ನೂ ಕೊಡ್ಬೇಕು. ಒಂದು ಕೊಟ್ಟು ಒಂದು ಇಟ್ಟುಕೊಂಡ್ರೆ ಮಾತು ಅರ್ಧ ಆಗ್ತದೆ. ದೊಡ್ಡದು ಕೊಟ್ರೆ ಚಿಕ್ಕದು ಅದರೊಳಗೇ ಬಂತಾ?”

“ಬಂತು ಅಮ್ಮ.”

“ಹಾಗಾದ್ರೆ ದೊಡ್ಡದಕ್ಕೆ ಗೂಟ ಹೊಡೀರಿ.”

ನಾನು ಬಾಳೆಯ ನಾರನ್ನು ಮಡಿಸಿ ಕಿಸೆಗೆ ಹಾಕಿಕೊಂಡೆ. ಸೇಸಪ್ಪ ಮಾಸ್ಟ್ರು ಅಮ್ಮನಿಗೆ ಕೈ ಮುಗಿದರು. ಅರಿಗರು ಸ್ವಲ್ಪ ಹೊತ್ತು ತಮ್ಮ ಗೇರುಗಿಡಗಳ ಕಡೆ ನೋಡುತ್ತ ಕೂತರು. ಅಕ್ಕನ ಮಾತಿಗೆ ಎದುರಾಡುವವರಲ್ಲ. ಆದರೆ ಸುಮ್ಮನೆ ಸೋಲುವವರೂ ಅಲ್ಲ.

“ಆಯಿತು,” ಎಂದರು. “ಆದ್ರೆ ಆ ಮೊದಲಿನ ಗೂಟ ಕೀಳ್ಲಿಕ್ಕಿಲ್ಲ. ದಾನಕ್ಕೆ ಹೊಡೆದ ಗೂಟ. ಅಲ್ಲಿ ನನ್ನ ಖರ್ಚಲ್ಲಿ ಒಂದು ಒಳ್ಳೆ ಕೆಂಪುಕಲ್ಲು ನೆಡಿಸ್ತೇನೆ. ವಾಸುದೇವ ಮಾಸ್ಟ್ರ ನೆನಪಿಗೆ.”

ಪ್ರಭುಗಳು ಬಂದರು, ಕೊಡೆ ಸಮೇತ. ಮೈದಾನದ ಸುತ್ತ ನಡೆದರು. ಅಗಳಿನ ಬದಿಯಲ್ಲಿ ಹೊಸ ಕಲ್ಲು ಕಂಡು, “ಗಡಿ ಅಲ್ಲಿ ಉಂಟು. ಇಲ್ಲಿ ಎಂತದು ಇದು?” ಎಂದು ಕೇಳಿದರು. ಸೇಸಪ್ಪ ಮಾಸ್ಟ್ರು ಏನೋ ಹೇಳಿ ಮರೆಸುತ್ತಾರೆಂದು ಕಾದೆ. ಅವರು ಆಕಾಶ ನೋಡುತ್ತಿದ್ದರು. ಮಕ್ಕಳು ಸುತ್ತ ನಿಂತಿದ್ದರು. ನಾನೇ ಹೇಳಿದೆ, ಹಗ್ಗದಿಂದ ಹಿಡಿದು ಬಾಳೆಯ ನಾರಿನವರೆಗೆ. ಪ್ರಭುಗಳು ಪೂರ್ತಿ ಕೇಳಿದರು. ನಕ್ಷೆ ತೆರೆದು ನೋಡಿದರು. ಮೊದಲ ಬಾರಿಗೆ ಅವರ ಹಲ್ಲು ಕಂಡಿತು.

“ಇದು ನಿಮ್ಮ ತ್ರಿಕೋನವಾ ರಾಯರೇ, ಅಥವಾ ಬೇರೆ ಶಾಲೆಯದ್ದಾ?”

“ನಮ್ಮದೇ,” ಎಂದೆ.

ಮಂಜೂರಾತಿ ಬಂತು. ಜೂನಿನಲ್ಲಿ ಒಂಬತ್ತನೇ ಕ್ಲಾಸು ಶುರುವಾಯಿತು. ಗಿರಿಜ ಮೊದಲ ಬೆಂಚಿನಲ್ಲಿ ಕೂತಿದ್ದಳು. ಕೊನೆಯ ಬೆಂಚಿನಲ್ಲಿ ಕೂತಿದ್ದರೆ ನನ್ನ ಬದುಕು ಇನ್ನೂ ಸುಲಭವಾಗುತ್ತಿತ್ತು. ಆ ಕಲ್ಲಿನ ಹೆಸರು ಅಳಿಸಲು ನಾನು ಮಾಡದ ಉಪಾಯವಿಲ್ಲ. ಗಡಿಕಲ್ಲು ಎಂದು ಕರೆಯಿರಿ ಎಂದೆ. ಮಕ್ಕಳು, “ಆಯಿತು ಸಾರ್, ವಾಸುದೇವ ಮಾಸ್ಟ್ರ ಗಡಿಕಲ್ಲು” ಎಂದರು.

ಇಷ್ಟನ್ನು ಆ ದಿನ ಉಷಾಳಿಗೆ ಹೇಳಿದೆ. ಹೇಳಿ, ಕಲ್ಲಿನ ಹತ್ತಿರ ಹೋಗದೆ ಪಾಠ ಮಾಡು, ಬೋರ್ಡಿನಲ್ಲೇ ತೋರಿಸು ಎಂದೂ ಬೇಡಿಕೊಂಡೆ. ಅವಳು ಹೂಂಗುಟ್ಟಿದಳು. ಹೊಸ ಟೀಚರುಗಳು ಹೂಂಗುಟ್ಟುವುದು ನನಗೆ ಗೊತ್ತಿಲ್ಲವೇ.

ಕಳೆದ ವಾರ ಬಂದವಳು ಚಪ್ಪಲಿ ಕಳಚುವಾಗಲೇ ನಗುತ್ತಿದ್ದಳು.

“ಎಂಟನೇ ಕ್ಲಾಸನ್ನು ಹಗ್ಗ ಹಿಡಿಸಿಕೊಂಡು ಗ್ರೌಂಡಿಗೆ ಕರ್ಕೊಂಡು ಹೋದೆ ಮಾವ. ಎರಡು ಕಡೆ ಮುಟ್ಟಿಸಿ, ಯಾವುದು ಸರಿ ಅಂತ ಕೇಳಿದೆ. ನಾನು ಬಾಯಿ ಮುಚ್ಚುವ ಮೊದಲೇ ಎಲ್ಲ ಒಟ್ಟಿಗೆ, ‘ಎರಡೂ ಸರಿ ಟೀಚರ್, ವಾಸುದೇವ ಮಾಸ್ಟ್ರಿಗೆ ಮಾತ್ರ ಒಂದೇ ಸಿಕ್ಕಿದ್ದು’ ಅಂತ!”

“ಅರಿಗರು ಹೇಳಿಕೊಟ್ಟಿರಬೇಕು,” ಎಂದೆ. ಅಡುಗೆಮನೆಯಲ್ಲಿ ಕೆಮ್ಮು ಶುರುವಾಗಿತ್ತು.

“ಅಲ್ಲ ಮಾವ. ಒಂದನೇ ಕ್ಲಾಸಿಗೇ ಈ ಕತೆ ಹೇಳಿಕೊಟ್ಟಾಗಿರ್ತದೆ. ಚಿಕ್ಕ ಕ್ಲಾಸಿನವರು ಒಬ್ಬರಿದ್ದಾರೆ, ಗಿರಿಜ ಟೀಚರ್ ಅಂತ. ಪ್ರತಿ ವರ್ಷ ಹೊಸ ಮಕ್ಕಳನ್ನು ಮೊದಲ ದಿನ ಕಲ್ಲಿನ ಹತ್ತಿರ ಕರ್ಕೊಂಡು ಹೋಗ್ತಾರಂತೆ.”

ಅವರು ಕತೆ ಸರಿಯಾಗಿ ಹೇಳುತ್ತಾರೋ, ನಡುವೆ ಏನಾದರೂ ಬಿಡುತ್ತಾರೋ ಎಂದು ಕೇಳಿದೆ.

“ಎಂತದೂ ಬಿಡುವುದಿಲ್ಲ,” ಎಂದಳು ಉಷಾ. “ನಿಮ್ಮ ಬಾಯಿ ತೆರೆದೇ ಉಳಿದದ್ದನ್ನು ಮಾಡಿಯೂ ತೋರಿಸ್ತಾರೆ.”